ಮೆಕ್ಯಾನಿಕಲ್ ಎಂ.ಟೆಕ್. ಮಾಡಬೇಕೆಂದಿದ್ದೀರಾ? ಎರಡನೇ ವರ್ಷದಿಂದ ಲೆಕ್ಕ ಹಾಕಿ

ಬಿ.ಇ. ಏಳನೇ ಸೆಮಿಸ್ಟರ್ ಶುರುವಾಯಿತೆಂದರೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಗೇಟ್ ಪ್ರವೇಶ ಪರೀಕ್ಷೆ ಬರೆಯದೆ ಎಂ.ಟೆಕ್. ಮಾಡಬಹುದೇ? ಡಿಪ್ಲೊಮಾದಿಂದ ಬಂದವನು, ಪಿಯುಸಿ ಓದಿಲ್ಲ, ತೊಂದರೆಯಾಗುತ್ತದೆಯೇ? ಡಿಸೈನ್ ಒಳ್ಳೆಯದೋ, ಥರ್ಮಲ್ ಒಳ್ಳೆಯದೋ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ರಶ್ನೆಗಳಿಗೆ ಚುಟುಕು ಉತ್ತರ ಕೊಟ್ಟುಬಿಡುತ್ತೇನೆ. ಗೇಟ್ ಇಲ್ಲದೆಯೂ ಮಾಡಬಹುದು, ಆದರೆ ಅದರ ಶಿಷ್ಯವೇತನ ಸಿಗದೆ ದುಡ್ಡು ನಿಮ್ಮದೇ ಹೋಗುತ್ತದೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ ಸೇರಿ ಬಿ.ಇ. ಮಾಡಿದವರಿಗೆ ಯಾವ ಅಡ್ಡಿಯೂ ಇಲ್ಲ. ಪಿಯುಸಿ ಅಂಕಪಟ್ಟಿ ಕೇಳಿದ ಕಡೆ ಡಿಪ್ಲೊಮಾ ಅಂಕಪಟ್ಟಿ ಕೊಟ್ಟರಾಯಿತು. ಮೂರನೆಯ ಪ್ರಶ್ನೆಗೆ ಉತ್ತರ ಉದ್ದವಿದೆ. ಎಂ.ಟೆಕ್.ನಲ್ಲಿ ತರಗತಿಗಳೆಂದು ಇರುವುದು ಹೆಚ್ಚುಕಡಿಮೆ ಮೊದಲ ವರ್ಷ ಮಾತ್ರ. ಎರಡನೇ ವರ್ಷವೆಲ್ಲ ಒಂದೇ ಪ್ರಾಜೆಕ್ಟ್, ಒಬ್ಬರೇ ಮಾರ್ಗದರ್ಶಕರು, ಒಂದು ಪ್ರಬಂಧ. ನಾಳೆ ಸಂದರ್ಶನದಲ್ಲಿ ಕೇಳುವುದೂ ಅದನ್ನೇ. ಹಾಗಾಗಿ ಕಾಲೇಜು, ವಿಭಾಗ, ಅರ್ಜಿ ಎಲ್ಲವನ್ನೂ ಆ ಎರಡನೇ ವರ್ಷವನ್ನು ಕಣ್ಣ ಮುಂದಿಟ್ಟುಕೊಂಡೇ ನಿರ್ಧರಿಸಿ.

ಹಂತ 1: ನಿಮಗೆ ಇದು ಬೇಕೇ ಎಂದು ನೋಡಿಕೊಳ್ಳಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಎಂ.ಟೆಕ್. ಬೇಕೇ ಬೇಕು. ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಾಗಲು ಸಂಬಂಧಪಟ್ಟ ಶಾಖೆಯಲ್ಲಿ ಬಿ.ಇ. ಮತ್ತು ಎಂ.ಟೆಕ್. ಎರಡೂ ಇರಬೇಕು, ಎರಡರಲ್ಲಿ ಒಂದಾದರೂ ಪ್ರಥಮ ದರ್ಜೆಯಾಗಿರಬೇಕು. ಸಂಶೋಧನೆ, ವಾಹನ ಅಥವಾ ವಿಮಾನ ಕಂಪನಿಗಳ ವಿನ್ಯಾಸ ಮತ್ತು ವಿಶ್ಲೇಷಣೆಯ ಕೆಲಸ, ಮುಂದೆ ಪಿಎಚ್.ಡಿ. ಇವುಗಳಿಗೂ ಈ ಪದವಿ ನಿಜಕ್ಕೂ ಪ್ರಯೋಜನದ್ದು. ಕ್ಯಾಂಪಸ್‌ನಲ್ಲಿ ಕೆಲಸ ಸಿಗಲಿಲ್ಲ, ಎರಡು ವರ್ಷ ಹೇಗೋ ತಳ್ಳೋಣ ಎಂದು ಬರುವವರಿಗೆ ಮಾತ್ರ ಬೇಡವೆನ್ನುತ್ತೇನೆ. ಎರಡು ವರ್ಷ ಕಳೆದ ಮೇಲೆ ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ವಯಸ್ಸು ಮಾತ್ರ ಎರಡು ಹೆಚ್ಚಾಗಿರುತ್ತದೆ.

ಒಂದು ಎಚ್ಚರಿಕೆ. ಅಂಚೆ ಮೂಲಕ, ಮನೆಯಲ್ಲೇ ಕುಳಿತು ಎಂ.ಟೆಕ್. ಕೊಡಿಸುತ್ತೇವೆ ಎನ್ನುವವರು ಈಗಲೂ ಇದ್ದಾರೆ. ಎಂಜಿನಿಯರಿಂಗ್ ಪದವಿಯನ್ನು ಅಂಚೆ ತೆರಪಿನ ಶಿಕ್ಷಣದಲ್ಲಿ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೆಲಸದಲ್ಲಿರುವವರಿಗೆ ಬೇರೆ ಮಾರ್ಗಗಳಿವೆ: ಸಂಜೆಯ ಅರೆಕಾಲಿಕ ಕೋರ್ಸ್, ಇಲ್ಲವೇ ಕಂಪನಿಯೇ ಕಳುಹಿಸಿಕೊಡುವ ಪ್ರಾಯೋಜಿತ ಸೀಟು.

ಹಂತ 2: ಅರ್ಹತೆಯ ಅಂಕಗಳನ್ನು ಸರಿಯಾಗಿ ಓದಿಕೊಳ್ಳಿ

ಮೆಕ್ಯಾನಿಕಲ್ ಅಥವಾ ಅದರ ಆಸುಪಾಸಿನ ಶಾಖೆಯಲ್ಲಿ ನಾಲ್ಕು ವರ್ಷದ ಬಿ.ಇ. ಇಲ್ಲವೇ ಬಿ.ಟೆಕ್. ಇರಬೇಕು. ಇಂಡಸ್ಟ್ರಿಯಲ್ ಆ್ಯಂಡ್ ಪ್ರೊಡಕ್ಷನ್, ಆಟೊಮೊಬೈಲ್, ಏರೊನಾಟಿಕಲ್, ಮೆಕಟ್ರಾನಿಕ್ಸ್ ಓದಿದವರಿಗೆ ಕೆಲವು ವಿಭಾಗಗಳು ತೆರೆದಿರುತ್ತವೆ, ಕೆಲವು ಇಲ್ಲ. ಪ್ರತಿ ಸಂಸ್ಥೆಯ ಕೈಪಿಡಿಯಲ್ಲಿ ಯಾವ ಕೋರ್ಸಿಗೆ ಯಾವ ಶಾಖೆ ಎಂಬ ಪಟ್ಟಿ ಇರುತ್ತದೆ. ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ.

ಕರ್ನಾಟಕದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಗೆ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ. 45 ಸಾಕು. ಎನ್‌ಐಟಿಗಳ ಸೀಟು ಹಂಚುವ ಸಿಸಿಎಂಟಿಯಲ್ಲಿ ಸಾಮಾನ್ಯ, ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದ) ಮತ್ತು ಒಬಿಸಿ ವರ್ಗದವರಿಗೆ 6.5 ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಅಥವಾ ಶೇ. 60, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 6.0 ಅಥವಾ ಶೇ. 55 ಬೇಕು.

ಬಹಳ ಜನ ಎಡವುವುದು ಇಲ್ಲಿಯೇ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಲವು ಪಠ್ಯಕ್ರಮದ ಸ್ಕೀಮ್‌ಗಳಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. ಆ ಲೆಕ್ಕದಲ್ಲಿ 6.6 ಸಿಜಿಪಿಎ ಎಂದರೆ ಶೇ. 58.5. ಸಿಜಿಪಿಎ ಎಂದು ತುಂಬಿದರೆ ನೀವು ಒಳಗೆ, ಶೇಕಡಾ ಎಂದು ತುಂಬಿದರೆ ಹೊರಗೆ! ನಿಮ್ಮ ಅಂಕಪಟ್ಟಿಯಲ್ಲಿ ಏನು ಮುದ್ರಿತವಾಗಿದೆಯೋ ಅದನ್ನೇ ತುಂಬಿ. ನೀವಾಗಿ ಪರಿವರ್ತನೆ ಮಾಡಲು ಹೋಗಬೇಡಿ.

ಹಂತ 3: ಗೇಟ್ ಬರೆಯಿರಿ

ಗೇಟ್ ಎಂದರೆ ಎಂಜಿನಿಯರಿಂಗ್ ಪದವೀಧರರ ಯೋಗ್ಯತಾ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಹಳೆಯ ಐಐಟಿಗಳು ಸರದಿಯ ಮೇಲೆ ನಡೆಸುತ್ತವೆ. ಅರ್ಜಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ. ಬಿ.ಇ. ಮೂರನೇ ವರ್ಷದಲ್ಲಿದ್ದವರೂ ಬರೆಯಬಹುದು. ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ, ಆದ್ದರಿಂದ ಮೂರನೇ ವರ್ಷದಲ್ಲೇ ಒಮ್ಮೆ ಬರೆದು ನೋಡುವುದರಲ್ಲಿ ನಷ್ಟವಿಲ್ಲ.

ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 13 ಅಂಕ ಗಣಿತಕ್ಕೆ, ಉಳಿದ 72 ಮೆಕ್ಯಾನಿಕಲ್ ವಿಷಯಗಳಿಗೆ. ಮೊದಲೆರಡು ಸೇರಿದರೆ 28 ಅಂಕ, ನೆನಪಿಡಿ. ನಮ್ಮ ಹುಡುಗರು ಥರ್ಮೊಡೈನಮಿಕ್ಸ್ ಪುಸ್ತಕ ಹರಿಯುವಷ್ಟು ಓದಿ, ಪ್ರೊಬಬಿಲಿಟಿ ಮತ್ತು ಡಿಫರೆನ್ಶಿಯಲ್ ಇಕ್ವೇಶನ್ ಬಿಟ್ಟು ಹೋಗುತ್ತಾರೆ. ಅಗ್ಗಕ್ಕೆ ಸಿಗುವ ಅಂಕ ಇರುವುದೇ ಅಲ್ಲಿ.

ಪ್ರಶ್ನೆಗಳು ಮೂರು ಬಗೆ. ಒಂದೇ ಸರಿ ಉತ್ತರದವು, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದವು, ಮತ್ತು ಸಂಖ್ಯೆಯನ್ನೇ ಟೈಪ್ ಮಾಡಬೇಕಾದವು. ತಪ್ಪಿಗೆ ಅಂಕ ಕಳೆಯುವುದು ಮೊದಲ ಬಗೆಯಲ್ಲಿ ಮಾತ್ರ: ಒಂದು ಅಂಕದ ಪ್ರಶ್ನೆಗೆ ಮೂರನೇ ಒಂದು, ಎರಡು ಅಂಕದ್ದಕ್ಕೆ ಮೂರನೇ ಎರಡು. ಉಳಿದ ಎರಡರಲ್ಲಿ ಊಹಿಸಿ ಬರೆದರೂ ನಷ್ಟವಿಲ್ಲ.

ಒಂದು ಉದಾಹರಣೆ ಮಾಡಿ ನೋಡಿ. ತೆಳು ಗೋಡೆಯ ಸಿಲಿಂಡರ್, ವ್ಯಾಸ 1 ಮೀಟರ್, ಗೋಡೆಯ ದಪ್ಪ 10 ಮಿಲಿಮೀಟರ್, ಒಳಗಿನ ಒತ್ತಡ 2 ಮೆಗಾಪಾಸ್ಕಲ್. ಹೂಪ್ ಸ್ಟ್ರೆಸ್, ಅಂದರೆ ಸಿಲಿಂಡರನ್ನು ಬಳೆಯಂತೆ ಸುತ್ತುವರಿದ ದಿಕ್ಕಿನ ಒತ್ತಡಬಲ ಎಷ್ಟು? ಒತ್ತಡವನ್ನು ವ್ಯಾಸದಿಂದ ಗುಣಿಸಿ ದಪ್ಪದ ಎರಡರಷ್ಟರಿಂದ ಭಾಗಿಸಿದರೆ 100 ಮೆಗಾಪಾಸ್ಕಲ್. ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕಿದಿರಾ, 50 ಬರುತ್ತದೆ. ಅದು ಉದ್ದದ ದಿಕ್ಕಿನ ಒತ್ತಡಬಲಕ್ಕೆ ಸರಿಯಾಗಿ ಹೊಂದುವ ಸಂಖ್ಯೆ, ಆಯ್ಕೆಗಳಿದ್ದರೆ ಅಲ್ಲೂ ಕುಳಿತಿರುತ್ತದೆ. ನೀವು ಸಂತೋಷದಿಂದ ಗುರುತು ಹಾಕಿ ಮುಂದೆ ಹೋಗುತ್ತೀರಿ. ವಿಷಯ ಗೊತ್ತಿದ್ದವರೂ ಅಂಕ ಕಳೆದುಕೊಳ್ಳುವುದು ಹೀಗೆ.

ಇನ್ನೊಂದು ಮಾತು: ನಿಮ್ಮ ಕ್ಯಾಲ್ಕುಲೇಟರನ್ನು ಪರೀಕ್ಷಾ ಕೊಠಡಿಗೆ ಬಿಡುವುದಿಲ್ಲ. ಪರದೆಯ ಮೇಲಿರುವುದನ್ನೇ ಮೌಸ್‌ನಿಂದ ಒತ್ತಬೇಕು. ಅದರಲ್ಲಿ ಡಿಗ್ರಿ–ರೇಡಿಯನ್ ಆಯ್ಕೆ ಬೇರೆ ಇದೆ. ಕೊನೆಯ ಎರಡು ತಿಂಗಳ ಅಭ್ಯಾಸವನ್ನು ಅಂಥ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ.

ಅಂಕ, ಸ್ಕೋರ್, ರ‍್ಯಾಂಕ್ ಮೂರೂ ಬೇರೆ ಬೇರೆ. ಅಂಕ ನೂರಕ್ಕೆ, ಸ್ಕೋರ್ ಸಾವಿರಕ್ಕೆ. ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದದ್ದು ಸ್ಕೋರ್. ಪ್ರವೇಶಕ್ಕೆ ಹೆಚ್ಚಾಗಿ ನೋಡುವುದೂ ಅದನ್ನೇ.

ಹಂತ 4: ಕಾಗದಪತ್ರ

ಈ ಭಾಗವನ್ನು ಯಾರೂ ಗಮನವಿಟ್ಟು ಓದುವುದಿಲ್ಲ, ಜೂನ್ ತಿಂಗಳಲ್ಲಿ ಫೋನ್ ಮಾಡಿ ಅಳುವುದೂ ಇದರ ವಿಷಯಕ್ಕೇ.

ನಾಡಕಚೇರಿಯಲ್ಲಿ ಸಿಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ 2ಎ, 3ಎ, 3ಬಿ ಎಂದಿರುತ್ತದೆ. ಅದು ಕೆಇಎಗೆ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಸರಿ. ಐಐಟಿ, ಎನ್‌ಐಟಿಗಳಿಗೆ ಅದು ನಡೆಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರದವರೆಂದು ಹೇಳುವ ಒಬಿಸಿ ಪ್ರಮಾಣಪತ್ರ. ಅದೂ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮದು ಇಲ್ಲವಾದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿದ್ದು ಆಸ್ತಿಯ ಷರತ್ತುಗಳಿಗೂ ಹೊಂದುವಂತಿದ್ದರೆ, ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ರಾಜ್ಯದ ಸೀಟಿಗೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳು, ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371 ಜೆ ಪ್ರಮಾಣಪತ್ರ ಸಿದ್ಧವಿರಲಿ. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಆಧಾರ್, ಎಸ್ಸೆಸ್ಸೆಲ್ಸಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಆಗಿದ್ದರೆ ಮುಂದೆ ಶಿಷ್ಯವೇತನದ ಹೊತ್ತಿಗೆ ನೆಮ್ಮದಿ.

ಹಂತ 5: ಅರ್ಜಿ ಮತ್ತು ಕೌನ್ಸೆಲಿಂಗ್

ಮೂರು ಬೇರೆ ಬೇರೆ ಬಾಗಿಲುಗಳಿವೆ. ಒಂದಕ್ಕೆ ಅರ್ಜಿ ಹಾಕಿದರೆ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ: ಪ್ರತಿಯೊಂದಕ್ಕೂ ಪ್ರತ್ಯೇಕ ಅರ್ಜಿ. ಧಾರವಾಡದ ಐಐಟಿಯೂ ಇದರಲ್ಲಿ ಸೇರಿದೆ. ಗೇಟ್ ಫಲಿತಾಂಶದ ಆಸುಪಾಸಿನಲ್ಲೇ ಅರ್ಜಿಗಳು ತೆರೆದು ಬೇಗ ಮುಚ್ಚುತ್ತವೆ. ಸಿಒಎಪಿ ಎಂಬ ಸಾಮಾನ್ಯ ಪೋರ್ಟಲ್ ಇದೆಯಲ್ಲ, ಅಲ್ಲಿ ನೋಂದಾಯಿಸಿದರೆ ಸಾಕೆಂದು ಪ್ರತಿ ವರ್ಷ ಕೆಲವರು ತಿಳಿದುಕೊಳ್ಳುತ್ತಾರೆ. ಅದು ಐಐಟಿಗಳು ಕೊಟ್ಟ ಸೀಟನ್ನು ಒಪ್ಪುವ ಅಥವಾ ಬಿಡುವ ಜಾಗ ಮಾತ್ರ. ಅರ್ಜಿ ಹಾಕದ ಸಂಸ್ಥೆಯಿಂದ ಅಲ್ಲಿ ಏನೂ ಬರುವುದಿಲ್ಲ.

ಎನ್‌ಐಟಿಗಳು, ಸುರತ್ಕಲ್ ಸೇರಿ: ಸಿಸಿಎಂಟಿ ಒಂದೇ ಅರ್ಜಿ. ಆಯ್ಕೆಗಳನ್ನು ನಿಮಗೆ ಇಷ್ಟವಾದ ಕ್ರಮದಲ್ಲಿ ಜೋಡಿಸಿ. ಸೀಟು ಸಿಕ್ಕಾಗ ಫ್ರೀಜ್ ಎಂದರೆ ಇದೇ ಸಾಕು. ಸ್ಲೈಡ್ ಎಂದರೆ ಇದೇ ಸಂಸ್ಥೆಯಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಕೊಡಿ. ಫ್ಲೋಟ್ ಎಂದರೆ ಎಲ್ಲಾದರೂ ಮೇಲಿನ ಆಯ್ಕೆ ಸಿಕ್ಕರೆ ಕೊಡಿ. ಫ್ಲೋಟ್ ಮಾಡಿ ಮೇಲಿನದು ಸಿಕ್ಕಿತೆಂದರೆ ಕೈಯಲ್ಲಿದ್ದದ್ದು ಹೋಯಿತು. ಹಾಗಾಗಿ ನಿಜಕ್ಕೂ ಸೇರುವುದಿಲ್ಲವೆನ್ನುವ ಕಾಲೇಜನ್ನು ಪಟ್ಟಿಯ ಮೇಲ್ಭಾಗದಲ್ಲಿ ಹೆಸರಿಗಾಗಿ ಇಡಬೇಡಿ.

ಕರ್ನಾಟಕದ ಕಾಲೇಜುಗಳು: ಕೆಇಎ ನಡೆಸುವ ಪಿಜಿಸಿಇಟಿ. ಗೇಟ್ ಅರ್ಹತೆ ಇದ್ದವರಿಗೆ ಮೊದಲು ಸೀಟು, ಉಳಿದದ್ದು ಪಿಜಿಸಿಇಟಿ ರ‍್ಯಾಂಕ್ ಪ್ರಕಾರ. ಗೇಟ್ ಇದ್ದವರು ಪಿಜಿಸಿಇಟಿ ಬರೆಯಬೇಕಿಲ್ಲ, ಆದರೆ ಕೆಇಎಯಲ್ಲಿ ನೋಂದಾಯಿಸಲೇಬೇಕು. ಗೇಟ್ ಇದೆಯಲ್ಲ ಎಂದು ಸುಮ್ಮನಿದ್ದು ಸೀಟು ತಪ್ಪಿಸಿಕೊಂಡವರನ್ನು ಕಂಡಿದ್ದೇನೆ.

ಜರ್ಮನಿಗೆ ಹೋಗುವ ಯೋಚನೆಯವರಿಗೆ ಇಷ್ಟು ಮಾತ್ರ ಹೇಳುತ್ತೇನೆ: 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ಒದಗಿಸಬೇಕು. ಅದು ನಿಮ್ಮ ಅಂಕಪಟ್ಟಿಗಳು ಅಸಲಿ ಎಂಬ ದೃಢೀಕರಣ. ಕೈಗೆ ಬರಲು ಸಮಯ ಹಿಡಿಯುತ್ತದೆ, ಮೊದಲೇ ಶುರುಮಾಡಿ.

ಹಂತ 6: ವಿಭಾಗ ಮತ್ತು ಮಾರ್ಗದರ್ಶಕರು

ಮಷಿನ್ ಡಿಸೈನ್, ಥರ್ಮಲ್, ಪ್ರೊಡಕ್ಷನ್ ಅಥವಾ ಮ್ಯಾನುಫ್ಯಾಕ್ಚರಿಂಗ್ ಎಂಬ ಮೂರು ದೊಡ್ಡ ಕವಲುಗಳು. ಹೆಸರು ಕಾಲೇಜಿನಿಂದ ಕಾಲೇಜಿಗೆ ಬೇರೆ. ಯಾವುದಕ್ಕೆ ‘ಸ್ಕೋಪ್’ ಹೆಚ್ಚು ಎಂದು ಕೇಳಬೇಡಿ. ಬಿ.ಇ.ಯಲ್ಲಿ ಯಾವ ವಿಷಯದ ಲೆಕ್ಕಗಳನ್ನು ಪರೀಕ್ಷೆ ಮುಗಿದ ಮೇಲೂ ಬಿಡಿಸಿದಿರಿ ಎಂದು ನೆನಪು ಮಾಡಿಕೊಳ್ಳಿ, ಅದೇ ನಿಮ್ಮ ವಿಭಾಗ.

ಆಮೇಲೆ ವಿಭಾಗದ ಪ್ರಾಧ್ಯಾಪಕರ ಪುಟಗಳನ್ನು ತೆರೆದು ಇತ್ತೀಚಿನ ಮೂರು ವರ್ಷಗಳಲ್ಲಿ ಅವರ ಕೈಕೆಳಗೆ ಎಂ.ಟೆಕ್. ಮಾಡಿದವರ ಪ್ರಬಂಧಗಳ ಶೀರ್ಷಿಕೆಗಳನ್ನು ಓದಿ. ಸಾಧ್ಯವಾದರೆ ಒಮ್ಮೆ ಹೋಗಿ ಪ್ರಯೋಗಾಲಯ ನೋಡಿ ಬನ್ನಿ. ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು ಕಂಡರೆ ನಿಮ್ಮ ಎರಡನೇ ವರ್ಷ ಹೇಗಿರುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ಎಣ್ಣೆ ಚೆಲ್ಲಿದ ನೆಲ, ಅರ್ಧ ಬಿಚ್ಚಿದ ಪಂಪು, ಬೋರ್ಡಿನ ಮೇಲೆ ಯಾರೋ ಗೀಚಿದ ಲೆಕ್ಕ ಕಂಡರೆ ಧೈರ್ಯವಾಗಿ ಸೇರಿ.

ಹಂತ 7: ಮೊದಲ ವರ್ಷ ಮತ್ತು ಶಿಷ್ಯವೇತನ

ಗೇಟ್ ಅರ್ಹತೆಯೊಂದಿಗೆ ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ, ಗರಿಷ್ಠ 24 ತಿಂಗಳು. ಬಾಡಿಗೆ ಏರಿದರೂ ಈ ಮೊತ್ತ ವರ್ಷಗಳಿಂದ ಅಲ್ಲೇ ನಿಂತಿದೆ. ಎಐಸಿಟಿಇ ಮಾನ್ಯತೆಯ ಖಾಸಗಿ ಕಾಲೇಜಿನಲ್ಲಿದ್ದರೂ ಸಿಗುತ್ತದೆ, ಆದರೆ ಕಾಲೇಜು ನಿಮ್ಮ ಹೆಸರನ್ನು ಪೋರ್ಟಲ್‌ನಲ್ಲಿ ಸಮಯದೊಳಗೆ ಸೇರಿಸಬೇಕು, ಆಮೇಲೆ ಪ್ರತಿ ತಿಂಗಳು ಹಾಜರಾತಿ ದೃಢೀಕರಿಸಬೇಕು. ಅಲ್ಲಿನ ಗುಮಾಸ್ತರಿಗೆ ಇದು ನೂರರಲ್ಲೊಂದು ಕೆಲಸ. ನೀವೇ ಬೆನ್ನು ಬೀಳಬೇಕು. ಖಾತೆ ಜನಧನ್ ಅಥವಾ ಜಂಟಿ ಖಾತೆಯಾಗಿರಬಾರದು, ಆಧಾರ್ ಜೋಡಣೆಯಾದ ಸಾಮಾನ್ಯ ಉಳಿತಾಯ ಖಾತೆಯೇ ಆಗಿರಬೇಕು.

ಪಾಠಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಟಿಯುವಿನಲ್ಲಿ ಶೇ. 85 ಹಾಜರಾತಿ ಬೇಕು, ಆಂತರಿಕ ಮೌಲ್ಯಮಾಪನಕ್ಕೂ ಸೆಮಿಸ್ಟರ್ ಪರೀಕ್ಷೆಗೂ ಸಮಪಾಲು. ಐಚ್ಛಿಕ ವಿಷಯಗಳನ್ನು ಸುಲಭವೆಂದು ಆರಿಸದೆ ಪ್ರಾಜೆಕ್ಟಿಗೆ ಬೇಕಾಗುವುದನ್ನು ಆರಿಸಿ. ಫೈನೈಟ್ ಎಲಿಮೆಂಟ್ ವಿಧಾನವನ್ನಂತೂ (ವಸ್ತುವನ್ನು ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಲೆಕ್ಕ ಹಾಕುವ ಬಗೆ) ಸಾಫ್ಟ್‌ವೇರ್ ಮುಟ್ಟುವ ಮೊದಲು ಕೈಯಲ್ಲಿ ಒಂದೆರಡು ಲೆಕ್ಕ ಮಾಡಿ ಕಲಿಯಿರಿ. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 8: ಪ್ರಾಜೆಕ್ಟ್

ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ವಿಷಯ ಗಟ್ಟಿ ಮಾಡಿಕೊಳ್ಳಿ. ವಿಷಯ ಒಂದೇ ವಾಕ್ಯದಲ್ಲಿ, ಒಂದು ಪ್ರಶ್ನೆಯಾಗಿ ಹೇಳುವಂತಿರಬೇಕು. ‘ಹೀಟ್ ಎಕ್ಸ್‌ಚೇಂಜರ್ ಅಧ್ಯಯನ’ ಎಂಬುದು ಪ್ರಶ್ನೆಯಲ್ಲ. ‘ಕೊಳವೆಯೊಳಗೆ ತಿರುಚಿದ ಪಟ್ಟಿ ಹಾಕಿದರೆ ಹೆಚ್ಚುವ ಶಾಖ ವರ್ಗಾವಣೆ, ಪಂಪು ಹೆಚ್ಚುವರಿಯಾಗಿ ತಿನ್ನುವ ವಿದ್ಯುತ್ತಿಗೆ ಯೋಗ್ಯವೇ?’ ಎಂಬುದು ಪ್ರಶ್ನೆ.

ಕಂಪ್ಯೂಟರ್ ವಿಶ್ಲೇಷಣೆ ಮಾಡುವವರ ಗಮನಕ್ಕೆ. ಎಲ್ ಆಕಾರದ ಬ್ರಾಕೆಟ್ ಒಂದನ್ನು ತೆಗೆದುಕೊಂಡಿದ್ದೀರಿ ಎಂದುಕೊಳ್ಳಿ, ಒಳಮೂಲೆ ಚೂಪಾಗಿದೆ. ಎಲಿಮೆಂಟ್, ಅಂದರೆ ಜಾಲರಿಯ ಒಂದು ತುಂಡು, 4 ಮಿ.ಮೀ. ಇದ್ದಾಗ ಮೂಲೆಯಲ್ಲಿ 180 ಮೆಗಾಪಾಸ್ಕಲ್ ಬಂತು. 2 ಮಿ.ಮೀ. ಮಾಡಿದಿರಿ, 245 ಆಯಿತು. 1 ಮಿ.ಮೀ.ಗೆ 335. ಜಾಲರಿ ಸಣ್ಣದಾದಷ್ಟೂ ಸಂಖ್ಯೆ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ, ಏಕೆಂದರೆ ಪೂರ್ತಿ ಚೂಪಾದ ಒಳಮೂಲೆಯಲ್ಲಿ ಸಿದ್ಧಾಂತದ ಪ್ರಕಾರ ಒತ್ತಡಬಲ ಅನಂತ. ನಿಜವಾದ ಬ್ರಾಕೆಟ್‌ನಲ್ಲಿ ಮೂಲೆ ಎಷ್ಟಾದರೂ ದುಂಡಗಿರುತ್ತದೆ. ಆ ದುಂಡನ್ನು ಮಾದರಿಯಲ್ಲಿ ಹಾಕಿ, ಜಾಲರಿಯನ್ನು ಅರ್ಧ ಅರ್ಧ ಮಾಡುತ್ತ ಹೋಗಿ, ಉತ್ತರ ಶೇ. 2–3ಕ್ಕಿಂತ ಹೆಚ್ಚು ಬದಲಾಗದಿದ್ದಾಗ ನಿಲ್ಲಿಸಿ. ಈ ಕೋಷ್ಟಕವಿಲ್ಲದ ಪ್ರಬಂಧವನ್ನು ಬಣ್ಣದ ಚಿತ್ರಗಳ ಆಲ್ಬಮ್ ಎಂದು ಪರೀಕ್ಷಕರು ಬದಿಗಿಟ್ಟರೆ ಬೇಸರಪಡಬೇಡಿ.

ಪ್ರಯೋಗ ಮಾಡುವವರಿಗೆ ಮೊದಲ ಕೆಲಸ ಅಳತೆಯ ಉಪಕರಣಗಳ ಪರೀಕ್ಷೆ. ಥರ್ಮೊಕಪಲ್ ಎಂದರೆ ಎರಡು ಲೋಹದ ತಂತಿ ಬೆಸೆದು ಮಾಡಿದ ತಾಪಮಾಪಕ. ಅದನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಒಮ್ಮೆ, ಕುದಿಯುವ ನೀರಿನಲ್ಲಿ ಒಮ್ಮೆ ಇಟ್ಟು ನೋಡುತ್ತಾರೆ. ಕುದಿಯುವ ನೀರಿನಲ್ಲಿ 97 ಡಿಗ್ರಿ ತೋರಿತೆಂದು ಥರ್ಮೊಕಪಲ್ ಎಸೆಯಲು ಹೊರಟವರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಸುರತ್ಕಲ್‌ನ ಕಡಲ ದಂಡೆಯಲ್ಲಿ ಕುಳಿತವರಿಗೆ 100 ತೋರಬೇಕು.

ರಿಗ್, ಅಂದರೆ ಪ್ರಯೋಗದ ಜೋಡಣೆಯನ್ನು ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಮಾಡಿಸುವವರು ಸರಿಯಾದ ಡ್ರಾಯಿಂಗ್ ಇಲ್ಲದೆ ಹೋಗಬೇಡಿ. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದನ್ನು ಬರೆಯದಿದ್ದರೆ ಲೇತ್‌ನವರು ತಮಗೆ ತಿಳಿದಂತೆ ಮಾಡುತ್ತಾರೆ. ಬೇರಿಂಗ್ ಕೂರಿಸುವ ರಂಧ್ರ ಸಡಿಲವಾಯಿತೆಂದು ಅವರನ್ನು ಬಯ್ದು ಫಲವಿಲ್ಲ. ಎಲ್ಲ ಕಡೆಯೂ ಅತಿ ಬಿಗಿಯಾದ ಟಾಲರೆನ್ಸ್ ಬರೆದರೆ ಬಿಲ್ಲು ಮೂರು ಪಟ್ಟಾಗುತ್ತದೆ. ಬಿಗಿ ಬೇಕಿರುವುದು ಎರಡು ಮೂರು ಕಡೆ, ಅಲ್ಲಿ ಮಾತ್ರ ಬರೆಯಿರಿ. ಒಂದು ತಿಂಗಳು ಎಂದು ಹೇಳಿದರೆ ಎರಡೂವರೆ ಎಂದು ಲೆಕ್ಕವಿಟ್ಟುಕೊಳ್ಳಿ.

ಕಂಪನಿಯಲ್ಲಿ ಪ್ರಾಜೆಕ್ಟ್ ಮಾಡುವವರು ಮೊದಲ ವಾರದಲ್ಲೇ ಒಂದು ವಿಷಯ ಲಿಖಿತವಾಗಿ ಕೇಳಿಕೊಳ್ಳಿ: ಯಾವ ಅಂಕಿಅಂಶಗಳನ್ನು ಪ್ರಬಂಧದಲ್ಲಿ ಅಚ್ಚು ಹಾಕಬಹುದು? ಕೊನೆಯ ತಿಂಗಳಲ್ಲಿ ಕೇಳಿದರೆ ಉತ್ತರ ‘ಯಾವುದನ್ನೂ ಇಲ್ಲ’ ಎಂದಾಗಿರುತ್ತದೆ.

ಹಂತ 9: ಪ್ರಬಂಧ, ಕೃತಿಚೌರ್ಯ ತಪಾಸಣೆ, ವೈವಾ

ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಪ್ರಯೋಗದ ವಿಧಾನದ ಅಧ್ಯಾಯವನ್ನು ಪ್ರಯೋಗ ಮಾಡುತ್ತಿರುವಾಗಲೇ ಬರೆಯಿರಿ. ಆರು ತಿಂಗಳ ಮೇಲೆ ಯಾವ ಕವಾಟ ಎಷ್ಟು ತಿರುಗಿಸಿದಿರಿ ಎಂದು ನೆನಪಿರುವುದಿಲ್ಲ.

ಪ್ರಬಂಧವನ್ನು ಒಪ್ಪಿಸುವ ಮುನ್ನ ಸಾಮ್ಯ ತಪಾಸಣೆ ನಡೆಯುತ್ತದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, 40ರಿಂದ 60ರವರೆಗೆ ಒಂದು ವರ್ಷ ಒಪ್ಪಿಸುವಂತಿಲ್ಲ, ಅದಕ್ಕೂ ಮೇಲೆ ಹೋದರೆ ನೋಂದಣಿಯೇ ರದ್ದು. ಹೆಚ್ಚಿನವರು ಸಿಕ್ಕಿಬೀಳುವುದು ಎರಡನೇ ಅಧ್ಯಾಯದಲ್ಲಿ, ಹಿಂದಿನವರ ಕೆಲಸದ ಪರಿಚಯದಲ್ಲಿ. ಇತರರ ಸಾರಾಂಶವನ್ನು ಅಲ್ಲಿಂದಿಲ್ಲಿಗೆ ಅಂಟಿಸಿ ಪದ ಬದಲಿಸುವ ಬದಲು, ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆಯಿರಿ.

ವೈವಾ, ಅಂದರೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ: ಈ ಸಂಖ್ಯೆ ಸರಿ ಎಂದು ನಿಮಗೆ ಹೇಗೆ ಗೊತ್ತು? ಜಾಲರಿಯ ಕೋಷ್ಟಕ, ಮಂಜುಗಡ್ಡೆ ಮತ್ತು ಕುದಿನೀರಿನ ಅಳತೆಗಳು, ಕೈಯಲ್ಲಿ ಮಾಡಿದ ಒಂದು ಸರಳ ಲೆಕ್ಕದೊಂದಿಗೆ ಹೋಲಿಕೆ, ಈ ಮೂರನ್ನು ಒಂದೇ ಸ್ಲೈಡ್‌ನಲ್ಲಿ ಹಾಕಿಟ್ಟುಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಸುತ್ತಿ ಬಳಸಿ ಉತ್ತರಿಸಿದರೆ ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ವೈವಾ ಮುಗಿದ ದಿನವೇ ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯಗಳ ಬಾಕಿ ಇಲ್ಲವೆಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ, ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಮುಂಗಡ ಠೇವಣಿಯನ್ನು ವಾಪಸ್ ಕೇಳಿ. ರಿಗ್ಗಿನ ಡ್ರಾಯಿಂಗ್‌ಗಳ ಒಂದು ಪ್ರತಿಯನ್ನು ಪ್ರಯೋಗಾಲಯದಲ್ಲಿ ಬಿಟ್ಟು ಬನ್ನಿ, ಮುಂದಿನ ವರ್ಷ ಅದರ ಮೇಲೆ ಕೆಲಸ ಮಾಡುವವರು ನಿಮಗೇ ಫೋನ್ ಮಾಡುತ್ತಾರೆ.